ನಿರ್ಮಾಲ್ಯದ ಬಕೆಟ್ಟು

ವಿನೋಬನಗರದ ಆ ರಸ್ತೆಯಲ್ಲಿ ಮಹಾಂತಮ್ಮನ ಮನೆಯ ಕಣಗಿಲೆಯಷ್ಟು ಹೂ ಬಿಡುವ ಗಿಡ ಇನ್ನೊಂದಿರಲಿಲ್ಲ. ದಿನಾ ಪೂಜೆಗೆ ಬುಟ್ಟಿ ತುಂಬ ಹೂ. ಮರುದಿನ ಅದನ್ನು ಕಸದ ಗಾಡಿಗೆ ಸುರಿಯುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಶಿವನ ತಲೆಯ ಮೇಲಿದ್ದದ್ದು ಯಾರ ಕಾಲಿಗೂ ಸಿಗಬಾರದು! ಹಾಗಾಗಿ ನಿರ್ಮಾಲ್ಯವೆಲ್ಲ ಹಿತ್ತಿಲಿನ ಬಕೆಟ್ಟಿನ ನೀರಿಗೆ ಬೀಳುತ್ತಿತ್ತು. ಪ್ರತಿ ಭಾನುವಾರ ಗಂಡ ಷಡಕ್ಷರಪ್ಪ ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ತುಂಗೆಗೆ ಬಿಟ್ಟು ಬರುತ್ತಿದ್ದ.

ಆ ಭಾನುವಾರ ಆತ ಹೊಳೆಹೊನ್ನೂರಿಗೆ ನಾಮಕರಣಕ್ಕೆ ಹೋದ. ಬಕೆಟ್ಟು ಬಿಸಿಲಲ್ಲಿ ಹಾಗೇ ಉಳಿಯಿತು.

ಸೋಮವಾರ ಮಧ್ಯಾಹ್ನ ನಾಯಿ ಗುಂಡ ವಾಂತಿ ಮಾಡಿಕೊಂಡು ಬಾಗಿಲ ಬಳಿ ಬಿದ್ದುಬಿಟ್ಟಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಗುಂಡನ ತಟ್ಟೆಗೆ ಅನ್ನ ಬೀಳದೆ ಮಹಾಂತಮ್ಮ ಉಣ್ಣುತ್ತಿರಲಿಲ್ಲ. ಆಕೆಗೆ ತಕ್ಷಣ ನೆನಪಾದದ್ದು ಪಕ್ಕದ ಮನೆಯ ಭೈರಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತನಾಗಿ ಇಲ್ಲಿ ಮನೆ ಕಟ್ಟಿಸಿದ ಮನುಷ್ಯ. ಹೋದ ತಿಂಗಳು ಗುಂಡ ಅವನ ಹೊಸ ಚಪ್ಪಲಿ ಹರಿದಾಗ, "ಒಂದಿನ ಇದಕ್ಕೆ ಏನಾದ್ರೂ ಹಾಕ್ತೀನಿ ನೋಡಿ" ಅಂದಿದ್ದ. ಸಿಟ್ಟಿನಲ್ಲಿ ಬಂದ ಮಾತು. ಮಹಾಂತಮ್ಮ ಅದನ್ನು ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಡಾಕ್ಟರ್ ರಕ್ಷಾ ನಾಯಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದಳು. "ಬಡಿತ ತುಂಬ ನಿಧಾನ ಇದೆಯಮ್ಮ. ಹೂವಿನ ಗಿಡ ಏನಾದ್ರೂ ಕಚ್ಚಿತ್ತಾ? ಕಣಗಿಲೆ ಥರದ್ದು? ಅದು ನಾಯಿಗೂ ವಿಷ, ಬೆಕ್ಕಿಗೂ ವಿಷ."

"ಹೂ ತಿನ್ನೋಕೆ ಅದೇನು ಮೇಕೇನಾ? ಪಕ್ಕದ ಮನೆಯೋನು ಇಲಿಪಾಷಾಣ ಹಾಕಿದಾನೆ. ನಾನೇ ಕಣ್ಣಾರೆ ಕಂಡಿದೀನಿ!"

ಕಂಡಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಕಂಡಂತೆಯೇ ಅನ್ನಿಸಿತ್ತು. ಕಣ್ಣಾರೆ ಕಂಡವರ ಮಾತನ್ನು ಡಾಕ್ಟರ್ ಹೇಗೆ ತಳ್ಳಿಹಾಕಬೇಕು? ಇಲಿಪಾಷಾಣಕ್ಕೆ ಕೊಡುವ ಇಂಜೆಕ್ಷನ್ನನ್ನೇ ಕೊಟ್ಟಳು. ಸಂಜೆಯೊಳಗೆ ಗುಂಡ ಸತ್ತ.

ಮಹಾಂತಮ್ಮ ಭೈರಪ್ಪನ ಗೇಟಿನ ಮುಂದೆ ನಿಂತು ಹಿಡಿಶಾಪ ಹಾಕಿದಳು. ಬೀದಿಯೆಲ್ಲ ಕೇಳಿತು, ಬೀದಿಯೆಲ್ಲ ನಂಬಿತು.

ಮರುದಿನ ಬೆಳಿಗ್ಗೆ ಬಾಡಿದ ಹೂ ಹಾಕಲು ಹಿತ್ತಿಲಿಗೆ ಹೋದಳು. ಬಕೆಟ್ಟಿನ ನೀರು ಅರ್ಧಕ್ಕಿಳಿದಿತ್ತು. ಸುತ್ತ ಕೆಸರಿನಲ್ಲಿ ಗುಂಡನ ಹೆಜ್ಜೆಗಳು. ಒಗೆಯುವ ಕಲ್ಲಿನ ಪಕ್ಕ ಒಣಗಿದ ವಾಂತಿ, ಅದರೊಳಗೆ ಗುಲಾಬಿ ಬಣ್ಣದ ಕಣಗಿಲೆ ಎಸಳು. ಆಕೆ ಆ ಕಲ್ಲಿನ ಮೇಲೇ ಕುಳಿತಳು. ನೀರು ಕುಡಿದದ್ದು ನಾಯಿಯ ಗ್ರಹಚಾರ ಅನ್ನಬಹುದಿತ್ತು. ಡಾಕ್ಟರ್ ಕಣಗಿಲೆಯಾ ಎಂದು ಬಾಯಿಬಿಟ್ಟು ಕೇಳಿದ್ದಳಲ್ಲ, ಅದಕ್ಕೇನು ಅನ್ನುವುದು? ಆಕೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಎದ್ದು, ಅಷ್ಟೂ ನಿರ್ಮಾಲ್ಯವನ್ನು ಚರಂಡಿಗೆ ಸುರಿದು ಬಕೆಟ್ಟು ತಿಕ್ಕಿ ತೊಳೆದಳು. ಗಂಡನಿಗೂ ಹೇಳಲಿಲ್ಲ.

ನಾಲ್ಕನೇ ದಿನ ಭೈರಪ್ಪನೇ ಬಂದ, ಏಳು ವರ್ಷದ ಮೊಮ್ಮಗಳು ಭೂಮಿಕಾಳ ಕೈ ಹಿಡಿದುಕೊಂಡು. ಎದುರು ಮನೆಯ ತುಂಗಮ್ಮ ಕಾಂಪೌಂಡಿಗೆ ಒರಗಿ ನೋಡುತ್ತಿದ್ದಳು.

"ಮಹಾಂತಮ್ನೋರೇ, ಬಾಯಿ ಜಾರಿ ಆವತ್ತು ಅಂದಿದ್ದು ನಿಜ. ಆದ್ರೆ ವಿಷ ಹಾಕಿಲ್ಲ. ಬೀದೀಲಿ ಒಂದು ಮಗೂನೂ ಇವಳ ಜೊತೆ ಆಡ್ತಿಲ್ಲ. ನೀವು ಒಂದು ಮಾತು ಹೇಳಿದ್ರೆ ಎಲ್ಲಾ ಸರಿ ಹೋಗತ್ತೆ."

ನಿಜ ಹೇಳಿಬಿಡೋಣ ಅನ್ನಿಸಿತ್ತು ಆಕೆಗೆ. ಆದರೆ ತುಂಗಮ್ಮ ನೋಡುತ್ತಿದ್ದಳು. ಸಂಜೆಯೊಳಗೆ ಇಡೀ ಬೀದಿ ಏನು ಮಾತಾಡೀತೆಂದು ಆಕೆಗೆ ಗೊತ್ತಿತ್ತು.

"ನಂಬಿಕೆ ಇಲ್ಲಾಂದ್ರೆ ಇವಳ ತಲೆ ಮುಟ್ಟಿ ಆಣೆ ಮಾಡ್ತೀನಿ."

"ಅಯ್ಯೋ, ಮಗು ತಲೆ ಮೇಲೆ ಬೇಡ ಮಾರಾಯ!" ಎಂದು ತುಂಗಮ್ಮ ಅಲ್ಲಿಂದಲೇ ಕೂಗಿದಳು. ಅಂಥ ಆಣೆಯನ್ನು ಎಂಥ ಶತ್ರುವಾದರೂ ತಡೆಯುತ್ತಾನೆ.

"ಮಾಡಿ," ಅಂದಳು ಮಹಾಂತಮ್ಮ.

ಭೈರಪ್ಪ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟ. ಅವನು ಆಣೆಯ ಮಾತು ಹೇಳಿ ಮುಗಿಸುವವರೆಗೂ ಹುಡುಗಿ ಅಲ್ಲಾಡದೆ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿತ್ತು.

"ದೇವರು ನೋಡ್ಕೊಳ್ತಾನೆ, ಹೋಗಿ," ಎಂದು ಮಹಾಂತಮ್ಮ ಬಾಗಿಲು ಹಾಕಿಕೊಂಡಳು.