ಒಂದು ಪ್ಯಾಕೇಜಿಗೆ ಮಾತ್ರ ಧ್ವನಿ

ಸೋಲದೇವನಹಳ್ಳಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಪ್ರತಿ ಸಾಫ್ಟ್‌ವೇರ್ ಪ್ಯಾಕೇಜನ್ನೂ ನಾವೇ ಮೂಲ ಕೋಡ್‌ನಿಂದ ಕಟ್ಟಿಸುತ್ತೇವೆ. ಏನಿರಬೇಕು, ಏನು ಬೇಡ ಎಂದು ಮೊದಲೇ ಒಂದು ಫೈಲಿನಲ್ಲಿ ಬರೆದಿಡುತ್ತೇವೆ. ವಿದ್ಯಾರ್ಥಿಗಳು ಹಾಡು ಹಾಕುತ್ತಾರೆಂದು ಹೆದರಿ, ರಜೆಯಲ್ಲಿ ನಾನು ಎಲ್ಲ ಪ್ಯಾಕೇಜುಗಳಿಗೂ ಅನ್ವಯಿಸುವ ಸಾಲಿನಲ್ಲಿ ‘ಧ್ವನಿ ಬೇಡ’ ಎಂದು ಸೇರಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟಿಸಿದ್ದೆ.

ಅಕ್ಷಯಾಳಿಗೆ ಕಣ್ಣು ಕಾಣುವುದಿಲ್ಲ. ಪರದೆಯನ್ನು ಓದಿ ಹೇಳುವ ಪ್ರೋಗ್ರಾಮನ್ನು ಕೇಳಿಸಿಕೊಂಡೇ ಅವಳು ಕೋಡ್ ಬರೆಯುತ್ತಾಳೆ. ಅಂದು ಎರಡು ಗಂಟೆಗೆ ಅವಳ ಪ್ರಾಯೋಗಿಕ ಪರೀಕ್ಷೆ. ಹನ್ನೊಂದಕ್ಕೆ ಅವಳ ಯಂತ್ರದ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಏನೂ ಕೇಳಿಸಲಿಲ್ಲ.

ನೆಟ್‌ವರ್ಕ್ ನೋಡಿಕೊಳ್ಳುವ ನಾಗಲಿಂಗಪ್ಪನವರ ಬಳಿ ಓಡಿದೆ. ಅವರು ಬಾಗಲಕೋಟೆ ಕಡೆಯವರು, ನನಗಿಂತ ಹಿರಿಯರು.

“ಸರ್, ಆ ಸಾಲು ತೆಗೆದು ಎಲ್ಲಾನೂ ಮತ್ತೆ ಕಟ್ಟಿಸ್ಬೇಕು. ನಾಳೆ ಬೆಳಗಾಗುತ್ತೆ. ಆ ಹುಡುಗಿ ಪರೀಕ್ಷೆ ನನ್ನಿಂದ ಹೋಗುತ್ತೆ.”

“ಒಂದು ಕಿಟಕಿ ಸಲುವಾಗಿ ಮನಿ ಪೂರ್ತಿ ಕೆಡವತೀರೇನ್ರಿ, ಸುಮೈರಾ ಮೇಡಂ?” ಅವರು ಚಹಾದ ಲೋಟ ಬದಿಗಿಟ್ಟು ಎದ್ದರು. “ಒಂದೊಂದು ಪ್ಯಾಕೇಜಿಗೆ ಬ್ಯಾರೆ ಬ್ಯಾರೆ ಬರಿಯೂ ಇನ್ನೊಂದು ಫೈಲ್ ಐತಲ್ಲ. ಅದರಾಗ ಆ ಓದಿ ಹೇಳೂ ಪ್ಯಾಕೇಜಿನ ಹೆಸರು ಬರದು, ಮುಂದ ಧ್ವನಿ ಬೇಕು ಅಂತ ಬರೀರಿ. ಉಳಿದದ್ದು ಹಂಗ ಇರಲಿ.”

“ಒಂದಕ್ಕೆ ಮಾತ್ರ ಬೇರೆ ಥರ ಕೊಟ್ರೆ ಏನಾದ್ರೂ ಕೆಡಲ್ವಾ, ಸರ್?”

“ನೀವು ಹೆದರೂದ್ರಾಗ ಅದು ಕಟ್ಟಿ ಮುಗಿದಿರ್ತದ.”

ಅಕ್ಷಯಾಳ ಯಂತ್ರದಲ್ಲಿ ಆ ಸಾಲು ಬರೆದು, ಹೆಸರನ್ನು ಮೂರು ಸಲ ಓದಿ, ಕಟ್ಟಲು ಹಚ್ಚಿದೆ. ಇಪ್ಪತ್ತು ನಿಮಿಷ ಪರದೆಯ ಮುಂದಿನಿಂದ ಏಳಲಿಲ್ಲ. ಅವರೂ ಹೋಗಲಿಲ್ಲ, ಚಹಾ ಆರಿಹೋಯಿತು. ಕಟ್ಟಿ ಮುಗಿದ ಮೇಲೆ ಹೆಡ್‌ಫೋನಿನಲ್ಲಿ ಧ್ವನಿ ಕೇಳಿಸಿತು.

ಒಂದೂವರೆಗೆ ಅಕ್ಷಯಾ ಬಂದಳು. ನಡೆದದ್ದನ್ನು, ತಪ್ಪು ನನ್ನದೆಂಬುದನ್ನೂ ಸೇರಿಸಿ, ಹೇಳಿದೆ. ಅವಳು ಹೆಡ್‌ಫೋನ್ ಹಾಕಿಕೊಂಡು ತಲೆ ವಾಲಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ಮಾತಾಡ್ತಿದೆ ಮೇಡಂ. ಆದ್ರೆ ನಮ್ಮಜ್ಜಿ ಥರ ನಿಧಾನ. ಸ್ಪೀಡ್ ಜಾಸ್ತಿ ಮಾಡ್ಕೊಳ್ಲಾ?”

“ಎಷ್ಟು ಬೇಕಾದ್ರೂ ಮಾಡ್ಕೋ,” ಎಂದೆ.

ಎರಡು ಗಂಟೆಗೆ ಉಳಿದವರ ಜೊತೆಗೇ ಅವಳ ಬೆರಳುಗಳೂ ಕೀಲಿಗಳ ಮೇಲೆ ಓಡತೊಡಗಿದವು. ನಮ್ಮ ಲ್ಯಾಬಿನಲ್ಲಿ ಏನೇ ಬದಲಾಯಿಸಿದರೂ ಕಾರಣ ಬರೆದಿಡುವುದು ಪದ್ಧತಿ. ‘ಧ್ವನಿ ಬೇಕು’ ಎಂಬ ಹೊಸ ಸಾಲಿನ ಮೇಲೆ ಬರೆದೆ: ‘ಅಕ್ಷಯಾ ಕೇಳಿ ಓದುವುದಕ್ಕೆ. ತೆಗೆಯಬೇಡಿ. ಕಲಿಸಿದವರು ನಾಗಲಿಂಗಪ್ಪ.’