ಗಂಡಿನ ಮನೆ ನೋಡಲು ಹೋದ ದಿನ

"ಚಪ್ಪಲಿ ಯಾಕೆ ಬಿಟ್ರಿ ನೀಲಾಂಬಿಕೆಯವರೇ? ಯಾರಾದ್ರೂ ಎತ್ಕೊಂಡ್ ಹೋದಾರು, ಹಾಕ್ಕೊಳ್ಳಿ," ಎಂದರು ಮಂಗಳಮ್ಮ.

ನೀಲಾಂಬಿಕೆ ಹಾಕಿಕೊಳ್ಳಲಿಲ್ಲ. ಎದುರಿಗಿದ್ದದ್ದು ಕಣ. ಮೈಸೂರಿನ ಮೈದಾನದಲ್ಲಿ 'ನಮ್ಮೂರ ಸೊಗಡು' ಎಂಬ ಫಲಕದ ಕೆಳಗೆ ಟಿಕೆಟ್ ಇಟ್ಟು ತೋರಿಸುವ ಕಣವಾದರೂ ಸೆಗಣಿ ಸಾರಿಸಿದ್ದರು. ನಡುವೆ ನಿಜವಾದ ರಾಗಿ ರಾಶಿ, ಅದರ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸೆಗಣಿಯ ಬೆನಕ. ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿ ಕಣಕ್ಕಿಳಿಯದವಳ ಕಾಲು ತಾನಾಗಿಯೇ ಬರಿದಾಗಿತ್ತು.

ಅವಳೂ ಗಂಡ ರುದ್ರಸ್ವಾಮಿಯೂ ಸಾಲಿಗ್ರಾಮದಿಂದ ಬೆಳಗಿನ ಬಸ್ಸು ಹತ್ತಿದ್ದು ಇದನ್ನು ನೋಡುವುದಕ್ಕಲ್ಲ, ಗಂಡಿನ ಮನೆ ನೋಡುವುದಕ್ಕೆ. ಮಗಳು ಉಷಾರಾಣಿಗೆ ಮೂವತ್ತು ದಾಟಿತ್ತು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ಮುರಿದಿದ್ದವು. ಮಂಗಳಮ್ಮನ ಮಗ ಕಾಂತರಾಜ ಮಾತ್ರ ಹುಡುಗಿ ನೋಡಿದ ಮರುದಿನವೇ ಒಪ್ಪಿಗೆ ಹೇಳಿ ಕಳಿಸಿದ್ದ. ಒಳ್ಳೆಯ ಕೆಲಸ, ಸ್ವಂತ ಮನೆ. "ನೀನೋಗಿ ನೋಡ್ಕಂಡ್ ಬಾ ಅವ್ವ. ನೀನು ಹೂಂ ಅಂದ್ರೆ ನಾನೂ ಹೂಂ," ಎಂದಿದ್ದಳು ಉಷಾ.

ಬಸ್ಸಿಳಿಯುತ್ತಲೇ ಮಂಗಳಮ್ಮನ ಫೋನು ಬಂತು. ಮನೆ ಮುಂದೆ ಒಳಚರಂಡಿ ಒಡೆದು ಬೀದಿಯೆಲ್ಲ ನಾರುತ್ತಿದೆ, ಮನೆ ಇನ್ನೊಂದು ದಿನ ನೋಡಿದರಾಯಿತು, ಇವತ್ತು ಎಲ್ಲರೂ ಸೇರಿ ಹಳ್ಳಿ ನೋಡೋಣ ಬನ್ನಿ! ಹಳ್ಳಿಯವರನ್ನೇ ಹಳ್ಳಿ ನೋಡಲು ಕರೆಯುವವರಿಗೆ ಏನನ್ನಬೇಕೋ ಗೊತ್ತಾಗದೆ ರುದ್ರಸ್ವಾಮಿ ಹೂಂ ಅಂದುಬಿಟ್ಟಿದ್ದ.

"ಕಾಂತೂ, ನಂದೊಂದು ಫೋಟೋ ತೆಗಿಯೋ," ಎನ್ನುತ್ತ ಮಂಗಳಮ್ಮ ಸೀರೆಯ ನೆರಿಗೆ ಎತ್ತಿ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ರಾಶಿಗೆ ಕಾಲಿಟ್ಟರು. ಪಾದ ಗಿಣ್ಣಿನವರೆಗೂ ರಾಗಿಯೊಳಗೆ ಹೂತಿತು. ತಾಯಿಗೆ ತಿಳಿಯದಿದ್ದರೆ ಹೋಗಲಿ, ಹುಡುಗ ತಡೆದಾನು ಎಂದು ನೀಲಾಂಬಿಕೆ ಅವನ ಮುಖ ನೋಡಿದಳು.

"ಇನ್ನೂ ಸ್ವಲ್ಪ ಮೇಲೆ ಹತ್ತಮ್ಮ, ಬೋರ್ಡು ಅಡ್ಡ ಬರ್ತಿದೆ," ಎಂದ ಹುಡುಗ.

ಆಮೇಲೆ ಅವನ ಸರದಿ. ಫೋನನ್ನು ತಾಯಿಯ ಕೈಗೆ ಕೊಟ್ಟು, ವಿಡಿಯೋ ಚೆನ್ನಾಗಿ ಬರಲೆಂದು ಬೂಟುಗಾಲಿನಲ್ಲಿ ರಾಗಿಯನ್ನು ಚಿಮ್ಮಿದ, ಮಕ್ಕಳು ಮಳೆನೀರನ್ನು ಒದೆಯುವ ಹಾಗೆ. ಬೆನಕ ಉರುಳಿ ಅವನ ಬೂಟಿನಡಿಯೇ ಸಿಕ್ಕಿ ಚಪ್ಪಟೆಯಾಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಬೂಟು ಬುಟ್ಟು ಹತ್ತಬಾರದೇನಪ್ಪ? ತಿನ್ನೋ ಅನ್ನ ಕಣಪ್ಪ ಅದು," ಎಂದಳು ನೀಲಾಂಬಿಕೆ.

"ಅಯ್ಯೋ ಆಂಟಿ, ಇದು ಶೋಗೆ ಇಟ್ಟಿರೋದು. ಇದನ್ನ ಯಾರು ತಿಂತಾರೆ?" ಹುಡುಗ ನಕ್ಕ. ಒರಟಾಗಿ ಅಂದಿದ್ದರೆ ಬೈದಾದರೂ ಸಮಾಧಾನವಾಗುತ್ತಿತ್ತು, ವಿನಯದಿಂದಲೇ ಅಂದಿದ್ದ. ನೀಲಾಂಬಿಕೆಗೆ ಹೇಸಿಗೆಯಾಯಿತು. ಚರಂಡಿಯ ನಾತವಾದರೆ ಮೂಗು ಮುಚ್ಚಿಕೊಂಡು ಒಳಗೆ ಹೋಗಿ, ಮನೆ ನೋಡಿ ಬರಬಹುದಿತ್ತು.

ಮಧ್ಯಾಹ್ನ ಅಲ್ಲೇ ಒಂದು ಗುಡಿಸಲಿನಂಥ ಹೋಟೆಲಿನಲ್ಲಿ ಎಲೆ ಹಾಕಿಸಿದರು. ಮುದ್ದೆ, ಸೊಪ್ಪಿನ ಸಾರು. ಮಾತು ಗಟ್ಟಿಯಾಗುವವರೆಗೆ ಗಂಡಿನ ಕಡೆಯವರ ಕಾಫಿ ಕುಡಿಯಬಹುದು, ಊಟ ಮಾಡುವ ಹಾಗಿಲ್ಲ. ಉಂಡರೆ ಹೆಣ್ಣು ಕೊಟ್ಟ ಹಾಗೆಯೇ. ಇದು ಮಂಗಳಮ್ಮನಿಗೂ ಗೊತ್ತಿತ್ತು.

"ಮನೆ ಊಟ ಅಲ್ಲ, ಲೆಕ್ಕಕ್ಕಿಲ್ಲ ಅನ್ನಬೇಡಿ ಮತ್ತೆ. ಹಾಕಿಸಿರೋರು ನಾವು. ಊಟ ಮಾಡಿ, ಬೀಗರಾಗೋಣ," ಎಂದು ನಗುತ್ತ ಮಗನೊಡನೆ ಕೈತೊಳೆಯಲು ಹೋದರು.

ರುದ್ರಸ್ವಾಮಿಯ ಕೈ ಆಗಲೇ ಮುದ್ದೆಯತ್ತ ಹೋಗಿತ್ತು. ನೀಲಾಂಬಿಕೆ ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ. ಏಳಿ."

"ಲೇ, ಮಗಳ ವಯಸ್ಸು ಗ್ಯಾನ ಅದಾ ನಿಂಗೆ?" ಅವನು ಹಲ್ಲು ಕಚ್ಚಿದ. "ಕಾಲಲ್ಲಿ ಬೂಟಿತ್ತು ಅಂತ ಯಾರಾದ್ರೂ ಸಂಬಂಧ ಬುಡ್ತಾರಾ? ಊರವರು ನಗ್ತಾರೆ ಕಣೇ."

"ನಗ್ಲಿ. ಆ ರಾಗಿ ತುಳ್ದಂಗೇ ನನ್ನ ಮಗೀನೂ ನಗ್ತಾ ನಗ್ತಾ ತುಳೀತಾರೆ. ತುಳುದ್ವಿ ಅನ್ನೋದೂ ಅವ್ರಿಗೆ ಗೊತ್ತಾಗಕಿಲ್ಲ."

ರುದ್ರಸ್ವಾಮಿ ಕೈ ಹಿಂದಕ್ಕೆಳೆದುಕೊಂಡ. ಅವಳು ಎಲೆಯಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಂಗಳಮ್ಮ ಬಂದಾಗ, "ಮುಟ್ಟಿಲ್ಲ ಕಣ್ರವ್ವ, ಹಸ್ದೋರಿಗೆ ಬಡ್ಸಿ. ನಮ್ಗೆ ಬಸ್ಸಿಗೆ ಹೊತ್ತಾಯ್ತು," ಎಂದಳು. ಮಂಗಳಮ್ಮನ ಮುಖ ಸಣ್ಣದಾಯಿತು. ಕಾಂತರಾಜ ಪಾಪ, ಬಾಗಿಲವರೆಗೂ ಬಂದು, ಹೊಸ್ತಿಲಿಗೆ ಬೂಟು ಕುಟ್ಟಿ ಸಿಕ್ಕಿಕೊಂಡಿದ್ದ ರಾಗಿ ಉದುರಿಸುತ್ತ ಬೀಳ್ಕೊಟ್ಟ.

ಬಸ್ಸು ಕೆ.ಆರ್. ನಗರ ದಾಟಿದ ಮೇಲೆ ಉಷಾಳ ಫೋನು ಬಂತು. ಅವಳು ಹುಡುಗನ ಬಗ್ಗೆ ಕೇಳಲಿಲ್ಲ, ಮನೆಯ ಬಗ್ಗೆಯೂ ಕೇಳಲಿಲ್ಲ.

"ಊಟ ಆಯ್ತಾ ಅವ್ವ?"

ನೀಲಾಂಬಿಕೆ ಗಂಡನ ಕಡೆ ನೋಡಿದಳು. ಅವನು ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತಿದ್ದ.

"ಇಲ್ಲ ಕಣವ್ವ. ಹಸ್ಕಂಡೇ ಬತ್ತಾ ಇವ್ನಿ, ನಿಮ್ಮಪ್ಪನೂವೆ."



"ಸರಿ, ಎಸರಿಡ್ತೀನಿ ಬಾ," ಎಂದಳು ಉಷಾ. ಪಾತ್ರೆಗೆ ನೀರು ಸುರಿಯುವುದು ಫೋನಿನಲ್ಲಿ ಕೇಳಿಸಿತು.