ಗುಡ್ಡುವಿನ ಹೆಸರು

ನನ್ನ ಮೊಮ್ಮಗ ಭೀಮಾಶಂಕರ ಹೋದ ವರ್ಷ ಮಳೆಗಾಲದ ಜ್ವರದಲ್ಲಿ ತೀರಿಕೊಂಡ. ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದ. ಆ ದೊಡ್ಡ ಹೆಸರು ಅವನ ತಂದೆಯ ತಂದೆಯದು. ನಾವೆಲ್ಲ ಗುಡ್ಡು ಎಂದೇ ಕರೆಯುತ್ತಿದ್ದೆವು. ಈ ವರ್ಷ ನನ್ನ ಮಗಳು ಸೌಭಾಗ್ಯ ಮತ್ತೆ ಹೆರಿಗೆಗೆಂದು ದೋರನಹಳ್ಳಿಗೆ, ನನ್ನ ಮನೆಗೆ ಬಂದಳು. ಗಂಡು ಹುಟ್ಟಿತು. ಶಿವನು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡೆ.

ತೊಟ್ಟಿಲ ದಿನ ಬೆಳಿಗ್ಗೆ ಅಳಿಯ ಬಸವಕುಮಾರ ಸುರಪುರದಿಂದ ಬಂದ, ಅವನ ಅಕ್ಕ ಶಿವರಂಜನಿ ಯಾದಗಿರಿಯಿಂದ ಬಂದಳು. ಆಕೆ ಕಾಲೇಜಿನಲ್ಲಿ ಕಲಿಸುವವಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಕೈಕಾಲು ತೊಳೆದವಳೇ ಆಕೆ ಅಡಿಗೆ ಮನೆಗೆ ಬಂದಳು.

“ಅತ್ತಿಯವ್ರ, ಕೂಸಿಗೆ ಭೀಮಾಶಂಕರ ಅಂತನ ಇಡಾಕತ್ತೇವ್ರಿ.”

ಗುಗ್ಗರಿ ತಿರುವುತ್ತಿದ್ದ ನಾನು ಸೌಟು ಕೆಳಗಿಟ್ಟೆ. “ಆ ಹೆಸರು ಒಂದ್ ಕೂಸಿಗೆ ಇಟ್ಟಾಗೇದಲ್ಲವ್ವ.”

“ಅದು ನಮ್ಮಪ್ಪನ ಹೆಸರ್ರಿ. ಹಿರ್ಯಾರ ಹೆಸರು ಇಡೂದು ಪದ್ಧತಿ ಅದ. ಸೌಭಾಗ್ಯಾಗ ಹೋದ ಕೂಸನ ಹೊಳ್ಳಿ ಬಂದದ ಅನಸ್ತದ. ಇನ್ನ ಮುಂದ ಗುಡ್ಡು ಅಂಬೂ ಮಾತು ಮನ್ಯಾಗ ಬ್ಯಾಡ. ಈ ಕೂಸಿಗೂ ಹೇಳೂದು ಬ್ಯಾಡ.”

“ಸತ್ತ ಹಿರ್ಯಾರ ಹೆಸರು ಇಡ್ತಾರ. ಸತ್ತ ಕೂಸಿನ ಹೆಸರು ಯಾರ್ ಇಡ್ತಾರ?”

“ಅಕಿ ಊಟ ಬಿಟ್ಟಾಳ್ರಿ. ಕೂಸಿನ ಮಾರಿ ನೋಡಿದ್ರ ಅಳ್ತಾಳ. ಹಿಂಗಾದ್ರ ಉಳಿತಾಳೇನು? ದುಃಖದ ನೆನಪಷ್ಟೇ ಅಳಿಸೂ ಔಷಧ ಹುಡುಕಾಕತ್ತಾರಂತ ವಿಜ್ಞಾನಿಗಳು. ಅದು ಬರೂತನಕ ನಾವು ಹಿಂಗರ ಮಾಡೂಣು.”

“ಆ ಗುಳಗಿ ನುಂಗಿ ಏಳೂ ಸೌಭಾಗ್ಯ ಯಾರು? ನನ್ನ ಮಗಳಂತೂ ಅಲ್ಲ.”

“ನಿಮ್ಮ ಮಗಳನ. ನೋವಿಲ್ಲದಾಕಿ, ಅಷ್ಟ.”

ಆಕೆಯ ಮನಸ್ಸು ಕೆಟ್ಟದ್ದಲ್ಲ. ಆದರೆ ಆಕೆಯ ಮಾತು ತಪ್ಪೆಂಬುದು ನನಗೆ ಖಾತ್ರಿಯಿತ್ತು. ನನ್ನ ಹೆಸರು ತಿಪ್ಪಮ್ಮ, ಹುಟ್ಟಿದ್ದೂ ಇದೇ ಓಣಿಯಲ್ಲಿ. ನನಗಿಂತ ಮೊದಲು ನಮ್ಮವ್ವನಿಗೆ ಹುಟ್ಟಿದ ಕೂಸುಗಳು ಉಳಿಯಲಿಲ್ಲ. ನಾನು ಹುಟ್ಟಿದಾಗ ಸಾವಿನ ಕಣ್ಣು ತಪ್ಪಿಸಲು ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿದರು. ಪಕ್ಕದ ಮನೆಯ ಮುನ್ನಿಬೀಯ ಅಜ್ಜಿ, ತಿಪ್ಪೆಯಲ್ಲಿ ಸಿಕ್ಕ ಕೂಸು ನನ್ನದು ಎಂದು ಎತ್ತಿಕೊಂಡು ಹೋದಳು. ಅವ್ವ ಒಂದು ಮೊರ ಜೋಳ ಕೊಟ್ಟು ನನ್ನನ್ನು ಬಿಡಿಸಿಕೊಂಡಳು. ಇದನ್ನು ಶಿವರಂಜನಿಗೆ ಹೇಳಿದೆ.

“ನಮ್ಮವ್ವ ನನಗ ತಿಪ್ಪೀ ಅಂತ ಕರೆದಾಗೊಮ್ಮೆ ಆ ಕೂಸುಗಳು ನೆನಪಾಗ್ತಿದ್ವು. ಅದಕ್ಕ ಓಣ್ಯಾಗ ಯಾರ ಕೂಸಿನ ಮೈ ಜ್ವರದಾಗ ಸುಟ್ರೂ ಮೊದಲ ಅಕಿ ಓಡ್ತಿದ್ಳು. ಆ ನೋವು ಅಳಿಸಿದ್ರ ನನಗ ಚಂದದ ಹೆಸರು ಇಡ್ತಿದ್ಳು, ಖರೆ. ಆದ್ರ ಅಕಿ ನಮ್ಮವ್ವ ಆಗಿರ್ತಿದ್ದಿಲ್ಲ.”

“ಮತ್ತ ಈ ಕೂಸಿಗೂ ತಿಪ್ಪಣ್ಣ ಅಂತ ಇಡೂಣೇನ್ರಿ?” ಎಂದು ಆಕೆ ನಕ್ಕಳು.

ಬಾಗಿಲಲ್ಲಿ ನಿಂತಿದ್ದ ಬಸವಕುಮಾರ ನಗಲಿಲ್ಲ. “ಅತ್ತಿ, ಅಕಿ ಅಳೂದು ನನಗ ನೋಡಾಕಾಗವಲ್ದು. ನೀವು ಸುಮ್ನಿರ್ರಿ.”

“ಕೂಸಿನ ತಾಯೀನ್ನ ಕೇಳೀಯೇನಪ್ಪ?”

“ಕೇಳೇನ್ರಿ. ಹೂಂ ಅಂದಾಳ.”

ಹೆತ್ತವಳೇ ಒಪ್ಪಿದ ಮೇಲೆ ನಾನು ಯಾರು? ದೇವರ ಜಗಲಿಯ ಮುಂದೆ ಕುಳಿತು ವಿಭೂತಿ ಧರಿಸಿ, ಶಿವನೇ, ಸರಿಯಾದದ್ದನ್ನು ಅವಳ ಬಾಯಿಂದಲೇ ನುಡಿಸು ಎಂದು ಬೇಡಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ಸೇರಿದರು. ಹೆಸರು ಹೇಳಲು ಬಗ್ಗಿದ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ಹೆಂಗಸರ ಸಂಭ್ರಮ. ಎಲ್ಲರೂ ಮುಷ್ಟಿ ಬಿಗಿದು ನಿಂತಿದ್ದರು. ಶಿವರಂಜನಿ ಇನ್ನೇನು ತೊಟ್ಟಿಲಿಗೆ ಬಗ್ಗಬೇಕು, ಕೂಸು ಚೀರತೊಡಗಿತು. ಆಕೆ ತೊಟ್ಟಿಲು ತೂಗಿದಳು, ಗಿಲಕಿ ಆಡಿಸಿದಳು. ಕೂಸು ಕೆಂಪಗಾಯಿತೇ ಹೊರತು ನಿಲ್ಲಿಸಲಿಲ್ಲ. ಆಗ ಸೌಭಾಗ್ಯ ಕೈ ಚಾಚಿ ಅದನ್ನು ಎತ್ತಿಕೊಂಡು, ತೊಡೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿ ಬೆನ್ನು ತಟ್ಟಿದಳು. ಕೂಸು ತೇಗಿ ಸುಮ್ಮನಾಯಿತು.

“ಯಾ ಅಲ್ಲಾ, ಎಷ್ಟ್ ಹುಷಾರ್ ಆಗ್ಯಾಳ ನೋಡ್ರಿ ಈಕಿ!” ಎಂದಳು ಮುನ್ನಿಬೀ. “ಮೊದಲಿನ ಕೂಸು ಅತ್ರ ತಾನೂ ಕೂಡಿ ಅಳ್ತಿದ್ಳು. ಇಬ್ಬರನ್ನೂ ನಾನ ರಮಿಸಿ ಸುಮ್ಮನ ಮಾಡಬೇಕಾಗಿತ್ತು.”

ಆ ಮಾತು ತೆಗೆಯಬಾರದೆಂದು ಮುನ್ನಿಬೀಗೆ ಯಾರೂ ಹೇಳಿರಲಿಲ್ಲ. ಶಿವರಂಜನಿ ಆಕೆಯ ಕೈ ಹಿಂಡಿದಳು.

“ಗುಡ್ಡು ಕಲಿಸ್ಯಾನ್ರಿ ಚಾಚಿ,” ಎಂದಳು ಸೌಭಾಗ್ಯ. “ಹಿಂಗ ಮಲಗಿಸಿದ್ರನ ಸುಮ್ಮನಾಗ್ತಿದ್ದ. ಅದು ಗೊತ್ತಾಗೂತನಕ ನನಗ ಎಷ್ಟ್ ಅಳಿಸ್ಯಾನ.”

ಅವಳ ಕೈ ಕೂಸಿನ ಬೆನ್ನ ಮೇಲೆಯೇ ನಿಂತಿತು. ಆ ಕೈಯನ್ನು ತಾನೇ ನೋಡುತ್ತ ಕುಳಿತಳು. ಆಮೇಲೆ ತಲೆಯೆತ್ತಿದಳು.

“ಅಕ್ಕಾ, ಅಂವನ್ನ ಮರೆತ್ರ ಇದನ್ನ ಹ್ಯಾಂಗ ರಮಿಸ್ಲಿ?”

ಶಿವರಂಜನಿ ಗಿಲಕಿಯನ್ನು ತೊಟ್ಟಿಲಲ್ಲಿಟ್ಟಳು.

“ನಾ ಹೂಂ ಅಂದಿದ್ದು ಖರೆ. ಈಗ ಬ್ಯಾಡ ಅಂತೇನಿ. ಆ ಹೆಸರು ಅವಂದು. ಇವಂಗ ಇವಂದ ಹೆಸರು ಬೇಕು.”

“ಮತ್ತ ಅಳ್ಕೋತ ಕೂಡ್ತಿ, ತಂಗಿ.”

“ಅಳ್ತೇನ್ರಿ. ಅತ್ತು, ಕಣ್ಣೊರಸ್ಕೊಂಡು, ಉಂಡು ಕೂಸಿಗೆ ಹಾಲು ಕುಡಸ್ತೇನಿ.”

ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಸವಕುಮಾರ ಒಳಗೆ ಬಂದ. ಅವನ ಮುಖ ಒದ್ದೆಯಾಗಿತ್ತು. “ಅಕ್ಕಾ, ಬ್ಯಾರೆ ಹೆಸರು ಹೇಳು,” ಎಂದ.

ಬೇರೆ ಹೆಸರನ್ನು ಯಾರೂ ಯೋಚಿಸಿರಲಿಲ್ಲ. ಒಬ್ಬರು ಒಂದೆಂದರು, ಇನ್ನೊಬ್ಬರು ಮತ್ತೊಂದೆಂದರು. ಕೊನೆಗೆ ಮುನ್ನಿಬೀಯೇ, “ತಿಂಥಣಿ ಮೌನಪ್ಪಯ್ಯ ನಿಮಗೂ ಬೇಕು, ನಮಗೂ ಬೇಕು. ಮೌನೇಶ ಅನ್ರಿ,” ಎಂದಳು. ಆ ಶರಣನ ಹೆಸರಿಗೆ ನಾನು ಕೈಮುಗಿದೆ. ಸೌಭಾಗ್ಯ ತಲೆಯಾಡಿಸಿದಳು.

ಶಿವರಂಜನಿ ಬಗ್ಗಿ ಕೂಸಿನ ಕಿವಿಯಲ್ಲಿ ಆ ಹೆಸರು ಹೇಳಿದಳು. ಬೆನ್ನಿನ ಮೇಲೆ ಗುದ್ದುಗಳು ಬಿದ್ದವು, ಮುನ್ನಿಬೀಯದು ಎಲ್ಲಕ್ಕಿಂತ ಜೋರು. ಎದ್ದು ನಿಂತಾಗ ಶಿವರಂಜನಿಯ ಕಣ್ಣುಗಳು ತುಂಬಿದ್ದವು.

“ಗುಡ್ಡೂನ ಕಿವ್ಯಾಗೂ ನಾನ ಹೇಳಿದ್ದೆ,” ಎಂದಳು. “ಹೇಳಿದ ಕೂಡ್ಲೆ ನಕ್ಕಿದ್ದ.”

“ಎಲ್ಲಿ ನಕ್ಕಿದ್ದ?” ಎಂದಳು ಸೌಭಾಗ್ಯ. “ನಿಮ್ಮ ಹೊಸಾ ಸೀರಿ ಮ್ಯಾಲ ಉಚ್ಚಿ ಹೊಯ್ದಿದ್ದ.”

“ಸೀರಿ ಅಲ್ಲ, ನನ್ನ ಅಂಗಿ ಮ್ಯಾಲ,” ಎಂದ ಬಸವಕುಮಾರ.

ಶಿವರಂಜನಿ ಅಳುತ್ತಲೇ ನಕ್ಕಳು. ಅಂಗಿಯೋ ಸೀರೆಯೋ ಎಂಬ ಜಗಳ ತೀರಲಿಲ್ಲ. ಎಲೆ ಹಾಕಿ ಎಷ್ಟೋ ಹೊತ್ತಾಗಿತ್ತು. ಊಟಕ್ಕೆ ಏಳಿರೆಂದು ನಾನೂ ಯಾರಿಗೂ ಹೇಳಲಿಲ್ಲ.